ಕರಿಬೇವಿನ ಬುಡದ ಇಂಟರ್ನೆಟ್ಟು

ಮೊನ್ನೆ ಟಿ.ವಿ. ರಿಮೋಟಿಗೆ ಸೆಲ್ಲು ಹುಡುಕುತ್ತಾ ಮೇಜಿನ ಕೆಳಗಿನ ಡ್ರಾಯರು ಎಳೆದೆ. ಆ ಡ್ರಾಯರಿನಲ್ಲಿ ಸೆಲ್ಲೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ. ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ನಾಲ್ಕು ಬೀಗದ ಕೈ, ಕಾಲು ಮುರಿದ ಕನ್ನಡಕ, ಯಾರದೋ ಮದುವೆಯ ತಾಂಬೂಲದ ಚೀಲ, ಅದರೊಳಗೆ ಕಲ್ಲಾಗಿ ಕೂತ ಒಂದು ಅಡಕೆ. ಇವುಗಳ ತಳದಲ್ಲಿ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದ ಬೂದು ಬಣ್ಣದ ಒಂದು ವೈರು. ಎರಡು ತುದಿಗೂ ಪುಟ್ಟ ಪ್ಲಾಸ್ಟಿಕ್ ಮೂತಿ. ಮುಟ್ಟಿದ್ದೇ ತಡ, ರಬ್ಬರ್ ಬ್ಯಾಂಡು ಪುಡಿಪುಡಿಯಾಗಿ ಉದುರಿತು.

"ಇದನ್ನಿನ್ನೂ ಮಡಿಕಂಡಿದ್ದೀರಾ? ಎಸೀರಿ ಅತ್ಲಾಗೆ," ಎಂದಳು ನನ್ನ ಹೆಂಡತಿ ನಾಗರತ್ನ. ಎಸೆಯುವ ವಿಷಯದಲ್ಲಿ ಅವಳ ಕೈ ದೊಡ್ಡದು. ನನ್ನ ಎಷ್ಟೋ ಅಂಗಿಗಳು ನನ್ನ ಅಪ್ಪಣೆಯಿಲ್ಲದೆ ನೆಲ ಒರೆಸುವ ಕೆಲಸಕ್ಕೆ ವರ್ಗವಾಗಿವೆ. ನಾನು ವೈರನ್ನು ಜೇಬಿಗಿಳಿಸಿ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕೂತೆ. ಸೆಲ್ಲು ಹುಡುಕುವುದು ಮರೆತೇ ಹೋಯಿತು.

ಈಗಿನವರಿಗೆ ಇದು ಏನೆಂದು ಹೇಳಬೇಕಾಗುತ್ತದೆ. ಇಂಟರ್ನೆಟ್ಟು ಗಾಳಿಯಲ್ಲಿ ತೇಲಿ ಬರುವ ಮೊದಲು ಫೋನಿನ ತಂತಿಯಲ್ಲಿ ತೆವಳಿ ಬರುತ್ತಿತ್ತು. ಗೋಡೆಯಿಂದ ಫೋನಿಗೆ ಹೋಗುವ ವೈರನ್ನು ಕಿತ್ತು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಬೇಕು. ಆಗ ಒಳಗಿರುವ ಮೋಡೆಮ್ಮು ಕೊರ್‌ರ್ ಎಂದು, ಕುಂಯ್ ಎಂದು, ಕೊನೆಗೆ ಕುಕ್ಕರಿನ ಹಾಗೆ ಬುಸ್ಸೆಂದು ಸುಮ್ಮನಾಗುತ್ತಿತ್ತು. ಪರದೆಯ ಕೆಳಮೂಲೆಯಲ್ಲಿ ಎರಡು ಪುಟಾಣಿ ಟಿ.ವಿ.ಗಳು ಕಾಣಿಸಿಕೊಂಡರೆ ನೀವು ಲೋಕಕ್ಕೆ ಸೇರಿದಿರಿ ಎಂದರ್ಥ. ಆದರೆ ಲೋಕಕ್ಕೆ ಸೇರಿದಷ್ಟು ಹೊತ್ತೂ ಮನೆಯ ಫೋನು ಸತ್ತಂತೆಯೇ. ಹೊರಗಿನಿಂದ ಯಾರು ಫೋನು ಮಾಡಿದರೂ ಎಂಗೇಜು. ನನ್ನ ಕಥೆಯ ಗೋಳೆಲ್ಲ ಇರುವುದು ಇಲ್ಲೇ.

ಆಗ ನಾನು ಹನೂರಿನ ಹತ್ತಿರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಕೊಳ್ಳೇಗಾಲದಲ್ಲಿ, ಮಗ್ಗದ ಸದ್ದು ನಿಲ್ಲದ ಬೀದಿಯಲ್ಲಿ. ಮನೆಯಲ್ಲಿ ನಾವು ಮೂರೇ ಜನ: ಅವ್ವ, ನಾಗರತ್ನ, ನಾನು. ನಾಲ್ಕನೆಯದಾಗಿ ಕಂಪ್ಯೂಟರು ಬಂತು. ಮೈಸೂರಿನಿಂದ ಬಸ್ಸಿನಲ್ಲಿ ತರುವಾಗ ಮಾನಿಟರನ್ನು ಕಿಟಕಿ ಪಕ್ಕ ಕೂರಿಸಿ ನಾನು ನಿಂತುಕೊಂಡು ಬಂದಿದ್ದೆ. ನಾಗರತ್ನ ಅದಕ್ಕೆ ಕಸೂತಿ ಹಾಕಿದ ಹೊದಿಕೆ ಹೊಲಿದಳು. ಅವ್ವ ಅದನ್ನು 'ಪೆಟ್ಟಿಗೆ' ಎಂದು ಕರೆದು, ಹಣೆಗೆ ಕುಂಕುಮ ಇಟ್ಟು, ಆಮೇಲೆ ಅದರ ಗೊಡವೆಗೇ ಹೋಗಲಿಲ್ಲ. ಬೀದಿಯಲ್ಲಿ ಮೊದಲ ಕಂಪ್ಯೂಟರು ನಮ್ಮದೇ ಆದ್ದರಿಂದ ನಾನು ಸ್ವಲ್ಪ ದಿನ ಕತ್ತು ನಿಗುರಿಸಿಕೊಂಡೇ ಓಡಾಡುತ್ತಿದ್ದೆ.

ಆ ವರ್ಷ ಹತ್ತನೇ ತರಗತಿಯ ಮಕ್ಕಳಿಗೆ ಒಂದು ಮಾತು ಕೊಟ್ಟುಬಿಟ್ಟಿದ್ದೆ. ಪಠ್ಯಪುಸ್ತಕದಲ್ಲಿ ಶನಿಗ್ರಹ ಮಸಿ ಮೆತ್ತಿದ ಹಪ್ಪಳದ ಹಾಗೆ ಕಾಣುತ್ತಿತ್ತು. "ಇಂಟರ್ನೆಟ್ಟಿನಿಂದ ಬಣ್ಣದ ಚಿತ್ರ ತಂದು ತೋರಿಸ್ತೀನಿ, ಉಂಗುರ ಹೊಳೆಯೋದು ಕಾಣಬೇಕು," ಎಂದು ಜಂಬ ಕೊಚ್ಚಿದೆ. ಸಂಜೆ ಹನೂರಿನಿಂದ ಬಂದು, ಮುಖ ತೊಳೆದು, ಕಾಫಿ ಕುಡಿದು, ವೈರು ಕಿತ್ತು ಸಿಕ್ಕಿಸಿ ಕೂತರೆ ಶನಿ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯಬೇಕು. ಮೊದಲು ಕಪ್ಪು ಆಕಾಶ. ಹತ್ತು ನಿಮಿಷವಾದರೂ ಕಪ್ಪು ಆಕಾಶವೇ. ಗ್ರಹದ ನೆತ್ತಿ ಇಣುಕುವ ಹೊತ್ತಿಗೆ ಲೈನು ಕಡಿದುಹೋಗುತ್ತಿತ್ತು. ಮತ್ತೆ ಮೊದಲಿನಿಂದ ಕಪ್ಪು ಆಕಾಶ.

ಒಂದು ಸಂಜೆ ಅವ್ವ ಹಿಂದೆ ಬಂದು ನಿಂತಳು. "ಏನ್ಲಾ ಅದು, ಬರೀ ಕರೀದು ಕಾಣ್ತದೆ?"

"ಶನಿ ಕಣವ್ವ. ಇನ್ನೊಂದ್ ಗಳಿಗೆ ಇರು, ಬತ್ತಾನೆ."

ಅವ್ವ ಹೌಹಾರಿದಳು. "ಶನಿ ಬಿಟ್ಟೋದ್ರೆ ಸಾಕು ಅಂತ ಜನ ಎಳ್ಳೆಣ್ಣೆ ದೀಪ ಅಚ್ತಾರೆ. ನೀನು ವೈರು ಸಿಗಿಸ್ಕಂಡು ಮನೆ ಒಳಕ್ಕೇ ಕರೀತಾ ಇದ್ದೀಯಲ್ಲೋ!"

ನಾನು ನಕ್ಕೆ. ವಿಜ್ಞಾನದ ಮೇಷ್ಟ್ರಿಗೆ ನಗುವುದಕ್ಕೆ ಇಂಥ ಸಂದರ್ಭಗಳು ಬೇಕಾದಷ್ಟು ಸಿಗುತ್ತವೆ. ಎಲ್ಲ ನಗುವಿಗೂ ಆಮೇಲೆ ದಂಡ ಕಟ್ಟಬೇಕಾಗುತ್ತದೆ ಎಂಬುದು ಮಾತ್ರ ಆಗ ತಿಳಿದಿರಲಿಲ್ಲ.

ನನ್ನ ತಂಗಿ ಮಾದೇವಿಯನ್ನು ಯಳಂದೂರಿಗೆ ಕೊಟ್ಟಿದೆ. ಅಲ್ಲಿ ಅಂಗನವಾಡಿ ಟೀಚರು. ಅವರ ಮನೆಯಲ್ಲಿ ಫೋನಿರಲಿಲ್ಲ. ದಿನಾ ಸಂಜೆ ಏಳು ಗಂಟೆಗೆ ಬೀದಿ ಮೂಲೆಯ ಅಂಗಡಿಯ ಕೆಂಪು ಕಾಯಿನ್ ಬೂತಿಗೆ ಬಂದು ಅವ್ವನಿಗೆ ಫೋನು ಮಾಡುತ್ತಿದ್ದಳು. ಅವ್ವ ಆರೂಮುಕ್ಕಾಲಿಗೇ ಫೋನಿನ ಪಕ್ಕ ಮಣೆ ಹಾಕಿಕೊಂಡು ಕೂರುವಳು. ಆ ಹೊತ್ತಿಗೆ ಮುಂಚೆ ತಲೆಗೂದಲು ಸರಿಮಾಡಿಕೊಳ್ಳುವಳು, ಫೋನಿನಲ್ಲಿ ಮಗಳಿಗೆ ಕಾಣುತ್ತದೇನೋ ಎನ್ನುವ ಹಾಗೆ. ಮಾತು ಮಾತ್ರ ದಿನಾ ಅದೇ. ಏನು ಸಾರು, ಮಳೆ ಬಂತಾ, ಹಸು ಕರು ಹಾಕಿತಾ. ಕರು ಹಾಕಿದ ಮೇಲೆ, ಕರು ಹೇಗಿದೆ. ಎರಡು ಮೂರು ನಿಮಿಷಕ್ಕೆ ಮುಗಿದು ಹೋಗುವ ಮಾತು. ಆದರೆ ಅವ್ವನ ದಿನ ಆ ಮಾತಿಗೇ ಹೊರಳಿಕೊಂಡಿರುತ್ತಿತ್ತು.

ಶನಿ ಬಂದ ಮೇಲೆ ಅದೂ ನಿಂತಿತು. ಬೂತಿನ ಮುಂದೆ ನಿಂತು ಒತ್ತಿ ಒತ್ತಿ ಸಾಕಾಗಿ ಮಾದೇವಿ ವಾಪಸು ಹೋಗುತ್ತಿದ್ದಳು. ಇಲ್ಲಿ ಅವ್ವ ಸತ್ತ ಫೋನಿನ ಪಕ್ಕ ಕೂತಿರುತ್ತಿದ್ದಳು. ನಾಲ್ಕನೇ ದಿನವೋ ಐದನೇ ದಿನವೋ, "ಲೇ ಮಗ, ಒಂದ್ ಗಳಿಗೆ ಆ ವೈರು ಕಿತ್ತಾಕು, ಮಾದೇವಿ ಮಾಡೋ ಒತ್ತಾಯ್ತು," ಎಂದಳು. ಅದೇ ಹೊತ್ತಿಗೆ ಶನಿಯ ನೆತ್ತಿ ಕಂಡಿತ್ತು, ಉಂಗುರದ ಮೊದಲ ಗೆರೆ ಮೂಡುತ್ತಿತ್ತು. ನಾನು ತಿರುಗಿಯೂ ನೋಡದೆ ಅಂದುಬಿಟ್ಟೆ: "ಏನವ್ವ ದಿನಾ ಅದೇ ಪುರಾಣ. ಏನ್ ಸಾರು, ಏನ್ ಸಾರು ಅಂತ ಕೇಳಕ್ಕೆ ಒಂದು ಫೋನ್ ಬೇಕಾ?"

ಅವ್ವ ಎದ್ದಳು. ಮಣೆ ಎತ್ತಿ ಗೋಡೆಗೆ ಒರಗಿಸಿದಳು. ಆ ಸದ್ದು ನನಗೆ ಇನ್ನೂ ಕೇಳುತ್ತದೆ.

ಮಾರನೆಯ ಬೆಳಿಗ್ಗೆ ನಾನು ಹನೂರಿನ ಬಸ್ಸಿಗೆ ಹೊರಡುವಷ್ಟರಲ್ಲಿ ಅವ್ವ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಎಲ್ಲಿಗವ್ವ?" ಎಂದೆ.

"ಯಳಂದೂರಿಗೆ. ಮಗಳ ಮನೇಲಿ ಏನ್ ಸಾರು ಅಂತ ನೋಡ್ಕಂಡು ಬತ್ತೀನಿ."

ನಾಗರತ್ನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವಿಗೋ ಭಯಕ್ಕೋ ಗೊತ್ತಾಗಲಿಲ್ಲ. ಅವ್ವ ಮೆಟ್ಟಿಲಿಳಿದವಳು ತಿರುಗಿ ನನ್ನನ್ನೇ ನೋಡಿ, "ಇತ್ಲ ಕರಿಬೇವಿನ ಗಿಡಕ್ಕೆ ದಿನಾ ನೀರು ಉಯ್ಯಿ. ನೀನೇ ಉಯ್ಯಬೇಕು, ಅವಳ ಕೈಲಿ ಮಾಡಿಸ್ಬೇಡ," ಎಂದಳು.

ಹಿತ್ತಲ ಗೋಡೆಗೆ ತಾಗಿದಂತೆ ಒಂದು ಕರಿಬೇವಿನ ಗಿಡವಿತ್ತು. ಬೆಳಿಗ್ಗೆ ಅಕ್ಕಿ ತೊಳೆದ ನೀರು, ಸಂಜೆ ಪಾತ್ರೆ ಅಲುಬಿದ ನೀರು, ಎಲ್ಲವನ್ನೂ ಅವ್ವ ಅದರ ಬುಡಕ್ಕೇ ಸುರಿಯುತ್ತಿದ್ದಳು. ಬೇರೆ ಯಾರನ್ನೂ ಆ ಕೆಲಸಕ್ಕೆ ಸೇರಿಸುತ್ತಿರಲಿಲ್ಲ. ನಾನಂತೂ ಆ ಗಿಡವನ್ನು ಉಪ್ಪಿಟ್ಟಿನ ತಟ್ಟೆಯಲ್ಲಿ ಬಿಟ್ಟರೆ ಬೇರೆಲ್ಲೂ ಗಮನಿಸಿದವನಲ್ಲ.

ಮೊದಲ ದಿನ ಮರೆತೆ. ಎರಡನೆಯ ದಿನ ಬಸ್ಸು ತಪ್ಪುತ್ತದೆಂದು ಓಡಿದೆ. ಮೂರನೆಯ ದಿನ ನಾಗರತ್ನ ನೆನಪಿಸಿದಳು; "ನೀನೇ ಒಂದ್ ಚೊಂಬು ಉಯ್ದರೆ ಏನಾಗುತ್ತೆ?" ಎಂದೆ. "ನಿಮಗೆ ಹೇಳಿರೋದು. ನಾನು ಉಯ್ದು ಅತ್ತೆ ಮಾತು ಮೀರಲಾ?" ಎಂದು ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಚೆಲ್ಲಿದಳು. ಅತ್ತೆ ಸೊಸೆಯರ ನಡುವೆ ಇಷ್ಟೊಂದು ಒಗ್ಗಟ್ಟಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಈಗ ಸಂಜೆ ಏಳಕ್ಕೆ ಕಾಯಿನ್ ಬೂತಿಗೆ ಬರುತ್ತಿದ್ದವರು ಅವ್ವ ಮತ್ತು ಮಾದೇವಿ ಇಬ್ಬರೂ. ಒಂದು ವಾರ ಎಂಗೇಜ್ ಸದ್ದನ್ನೇ ಕೇಳಿಸಿಕೊಂಡು ಹೋದರಂತೆ. ಎಂಟನೆಯ ದಿನ ನಮ್ಮ ಕಂಪ್ಯೂಟರಿಗೆ ರೋಗ ಬಂತು.

ರೋಗದ ಲಕ್ಷಣ ವಿಚಿತ್ರ. ಸ್ವಿಚ್ಚು ಹಾಕಿದರೆ ಏಳುತ್ತದೆ. ಪ್ರಶ್ನೆಪತ್ರಿಕೆ ಟೈಪು ಮಾಡಿಸಿಕೊಳ್ಳುತ್ತದೆ. ನಾಗರತ್ನಳ ಜೊತೆ ಗಂಟೆಗಟ್ಟಲೆ ಇಸ್ಪೀಟು ಆಡುತ್ತದೆ. ಫೋನಿನ ವೈರು ಸಿಕ್ಕಿಸಿ, ಮೋಡೆಮ್ಮು ಕೊರ್‌ರ್, ಕುಂಯ್ ಮುಗಿಸಿ, ಎರಡು ಪುಟಾಣಿ ಟಿ.ವಿ. ಮೂಡುತ್ತವೆ ಎನ್ನುವಾಗ ಪರದೆ ಫಕ್ಕನೆ ಕಪ್ಪಾಗಿ, ಒಳಗೆಲ್ಲೋ ಟಿಕ್ ಎಂದು, ಮತ್ತೆ ಮೊದಲಿನಿಂದ ಎದ್ದು ಕೂರುತ್ತದೆ. ಏನೂ ಆಗಿಲ್ಲವೆಂಬಂತೆ ನನ್ನ ಮುಖ ನೋಡುತ್ತದೆ. ಮತ್ತೆ ಸೇರಿಸಿದರೆ ಮತ್ತೆ ಅದೇ. ಒಂದು ಸಂಜೆ ಹದಿನಾಲ್ಕು ಸಲ ಹೀಗೆ ಸತ್ತು ಹುಟ್ಟಿತು.

"ಅತ್ತೆ ಅವತ್ತೇ ಅಂದ್ರು, ಶನಿ ಕರೀಬೇಡ ಅಂತ," ಎಂದಳು ನಾಗರತ್ನ, ಇಸ್ಪೀಟಿನಿಂದ ಕಣ್ಣೆತ್ತದೆ.

ಅಂಗಡಿ ಬೀದಿಯ ಕಂಪ್ಯೂಟರ್ ಸಿದ್ದರಾಜುವನ್ನು ಕರೆಸಿದೆ. ಅವನು ಬಂದವನೇ ಕೈ ಒರೆಸಿಕೊಂಡು, "ವೈರಸ್ಸು ಸಾ. ನೆಟ್ಟಿಗೆ ಸೇರಿದೇಟ್ಗೆ ರೀಸ್ಟಾರ್ಟ್ ಆಯ್ತದೆ ಅಂದ್ರೆ ಅದೇಯ," ಎಂದು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದ. ನಾನು ಅದರಲ್ಲಿ ಟೈಪು ಮಾಡಿಟ್ಟಿದ್ದ ಪ್ರಶ್ನೆಪತ್ರಿಕೆಗಳೆಲ್ಲ ಹೋದವು. ರೋಗ ಹೋಗಲಿಲ್ಲ. ಆಮೇಲೆ ಎಲ್ಲೋ ಒಂದು ಟಿಕ್ ಗುರುತು ತೆಗೆದು, "ಈಗ ತಾನಾಗೇ ರೀಸ್ಟಾರ್ಟ್ ಆಗಲ್ಲ ಸಾ, ಏನು ತೊಂದ್ರೆ ಅಂತ ಅದೇ ಬರೆದು ತೋರಿಸ್ತದೆ," ಎಂದ. ತೋರಿಸಿತು. ಇಡೀ ಪರದೆ ನೀಲಿಯಾಗಿ ಅದರ ಮೇಲೆ ಬಿಳಿಯ ಅಕ್ಷರ, ಅಂಕಿ. ಇಬ್ಬರೂ ಅದನ್ನು ನೋಟ್ ಬುಕ್ಕಿನಲ್ಲಿ ಭಯಭಕ್ತಿಯಿಂದ ಬರೆದುಕೊಂಡೆವು. ಅರ್ಥ ಇಬ್ಬರಿಗೂ ಆಗಲಿಲ್ಲ. ಸಿದ್ದರಾಜು ಮೋಡೆಮ್ಮಿನ ಕಾರ್ಡು ಬದಲಾಯಿಸಿದ. ಕರೆಂಟು ಕೊಡುವ ಡಬ್ಬಿ ಬದಲಾಯಿಸಿದ. ಕೊನೆಗೆ ನನ್ನನ್ನೇ ಬದಲಾಯಿಸಬೇಕೇನೋ ಎನ್ನುವ ಹಾಗೆ ಒಮ್ಮೆ ನೋಡಿ ಹೊರಟುಹೋದ. ಫೋನಿನ ಲೈನ್‌ಮ್ಯಾನೂ ಬಂದು ನೋಡಿ, "ನಮ್ ಲೈನು ಹೂವಿನಂಗದೆ ಸಾ," ಎಂದು ಕೈ ತೊಳೆದುಕೊಂಡ.

ಶಾಲೆಯಲ್ಲಿ ಮಕ್ಕಳು, "ಸಾ, ಶನಿ ಬಂದ್ನಾ ಸಾ?" ಎಂದು ದಿನಾ ಕೇಳುತ್ತಿದ್ದರು. ತಮಿಳುನಾಡಿನ ಗಡಿಯ ಮಾರ್ಟಳ್ಳಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಮಕ್ಕಳು ತಮ್ಮತಮ್ಮಲ್ಲಿ ತಮಿಳಿನಲ್ಲಿ ಏನೋ ಅಂದುಕೊಂಡು ನಗುತ್ತಿದ್ದರು. ನನಗೆ ತಮಿಳು ಬಾರದೆಂಬ ಧೈರ್ಯ. ಅದೃಷ್ಟಕ್ಕೆ ನಿಜವಾಗಿಯೂ ಬರುತ್ತಿರಲಿಲ್ಲ.

ಇದರ ನಡುವೆ ಒಂದು ಚೋದ್ಯ ನಡೆದಿತ್ತು. ಇಂಟರ್ನೆಟ್ಟು ಕೈಕೊಟ್ಟದ್ದರಿಂದ ಫೋನು ಖಾಲಿ ಇರುತ್ತಿತ್ತು. ಏಳು ಗಂಟೆಗೆ ಸರಿಯಾಗಿ ಗಂಟೆ ಹೊಡೆಯುತ್ತಿತ್ತು. ಅವ್ವ ಕುಶಲ ಕೇಳುತ್ತಿರಲಿಲ್ಲ, ಸಾರಿನ ಸುದ್ದಿಯಂತೂ ಎತ್ತುತ್ತಲೇ ಇರಲಿಲ್ಲ. ಒಂದೇ ಮಾತು: "ಗಿಡಕ್ಕೆ ನೀರು ಉಯ್ದ್ಯಾ?"

"ಉಯ್ದೆ ಅವ್ವ," ಎನ್ನುತ್ತಿದ್ದೆ. ಬರೀ ಸುಳ್ಳು. ಹಿಂದಿನಿಂದ ಮಾದೇವಿಯ ದನಿ ಕೇಳಿಸುತ್ತಿತ್ತು: "ಅಣ್ಣ ಉಯ್ದಿರಲ್ಲ ಕಣವ್ವ, ನಾನು ಬರಕೊಡ್ತೀನಿ!" ಅದಕ್ಕೆ ಅವ್ವ, "ಸುಮ್ಕಿರೇ, ಅವನು ಉಯ್ದೆ ಅಂದ್ಮೇಲೆ ಉಯ್ದಿರ್ತಾನೆ," ಎನ್ನುವಳು. ಆಗ ನಾಚಿಕೆಯಾಗುತ್ತಿತ್ತು. ನಾಳೆ ತಪ್ಪದೆ ಉಯ್ಯಬೇಕು ಎಂದುಕೊಳ್ಳುತ್ತಿದ್ದೆ. ನಾಳೆ ಬಸ್ಸಿರುತ್ತಿತ್ತು. 'ಬಾರವ್ವ ಮನೆಗೆ' ಎಂಬ ಮಾತೂ ಪ್ರತಿದಿನ ನಾಲಗೆ ತುದಿಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಕ್ಷಮೆ ಕೇಳದೆ ಕರೆಯುವುದು ಹೇಗೆ? ಫೋನಿನಲ್ಲಿ ಕ್ಷಮೆ ಕೇಳುವುದು ಹೇಗೆ? ಅವ್ವ ಇನ್ನು ಬರುವುದೇ ಇಲ್ಲವೇನೋ ಎಂಬ ಹೆದರಿಕೆ ಎಲ್ಲಕ್ಕಿಂತ ಕೆಳಗೆ ಇತ್ತು.

ಇನ್ನೊಂದು ಸಂಗತಿ ಹೇಳಬೇಕು, ಹೇಳಲು ಮುಜುಗರ. ಆ ದಿನಗಳಲ್ಲಿ ನಾಗರತ್ನ, "ರೀ, ಕಂಪ್ಯೂಟ್ರು ಡಬ್ಬ ಮುಟ್ಟಿದ್ರೆ ಕೈ ಜುಂ ಅಂತದೆ. ಗ್ರೈಂಡರ್ ಮುಟ್ಟಿದ್ರೂ ಅಂತದೆ," ಎಂದಳು. ನಾನು ಅವಳನ್ನು ಕೂರಿಸಿ, ಬಾಚಣಿಗೆಯನ್ನು ತಲೆಗೆ ಉಜ್ಜಿ, ಕಾಗದದ ಚೂರುಗಳನ್ನು ಕುಣಿಸಿ, ಸ್ಥಾಯೀ ವಿದ್ಯುತ್ತಿನ ಪಾಠ ಮಾಡಿದೆ. ಚಪ್ಪಲಿ ಹಾಕಿಕೊಂಡು ಮುಟ್ಟಲು ಹೇಳಿದೆ. ಅವಳು ನನ್ನ ಮುಖವನ್ನೂ ಬಾಚಣಿಗೆಯನ್ನೂ ಒಂದೊಂದು ಸಲ ನೋಡಿ ಎದ್ದುಹೋದಳು.

ಯಂತ್ರಗಳ ವಿಷಯದಲ್ಲಿ ನಾನು ಮೊದಲಿನಿಂದ ಹೀಗೇನೂ ಇರಲಿಲ್ಲ. ನಾನು ಹುಟ್ಟಿದ್ದು ಹನೂರಿನ ಆಚೆಯ ಒಂದು ಹಳ್ಳಿಯಲ್ಲಿ. ಅಲ್ಲಿ ಶೆಟ್ಟರ ಅಂಗಡಿಯಲ್ಲಿ ಒಂದು ದೊಡ್ಡ ರೇಡಿಯೋ ಇತ್ತು. ಅದರ ಒಂದು ತಂತಿ ಮಾಡಿಗೆ ಹೋಗಿತ್ತು, ಇನ್ನೊಂದು ಅಂಗಡಿಯ ಹಿಂದೆ ಮಣ್ಣಿಗೆ ಇಳಿದಿತ್ತು. ಬೇಸಗೆಯಲ್ಲಿ ವಾರ್ತೆ ಗೊರಗೊರ ಎನ್ನತೊಡಗಿದರೆ ಶೆಟ್ಟರು ಹೊರಗೆ ಗೋಲಿಯಾಡುತ್ತಿದ್ದ ನಮ್ಮನ್ನು, "ಬನ್ರಲಾ, ತಂತಿ ಬುಡ ಒಣಗದೆ," ಎಂದು ಕೂಗುತ್ತಿದ್ದರು. ನಾವು ಐದಾರು ಜನ ಸಾಲಾಗಿ ನಿಂತು ಚಡ್ಡಿ ಸರಿಸಿ ಆ ತಂತಿಯ ಬುಡವನ್ನು ಒದ್ದೆ ಮಾಡುತ್ತಿದ್ದೆವು. ಒಳಗೆ ವಾರ್ತೆ ಓದುವವರ ಗಂಟಲು ಸರಿಯಾಗುತ್ತಿತ್ತು. ಈ ಸೇವೆಗೆ ತಲೆಗೊಂದು ಬತ್ತಾಸು. ನೀರು ಹೆಚ್ಚು ಕುಡಿದು ಬಂದು ಎರಡು ಬತ್ತಾಸು ಗಿಟ್ಟಿಸಿದ ದಾಖಲೆ ನನ್ನ ಹೆಸರಿನಲ್ಲೇ ಇದೆ. ಅವ್ವನಿಗೆ ಇದು ಗೊತ್ತಾಗಿ ಪೊರಕೆ ಹಿಡಿದುಕೊಂಡು ಅಂಗಡಿವರೆಗೂ ಅಟ್ಟಿಸಿಕೊಂಡು ಬಂದದ್ದು ಬೇರೆ ಮಾತು. ಶೆಟ್ಟರೂ ಅವತ್ತು ಗಲ್ಲಾಪೆಟ್ಟಿಗೆಯ ಹಿಂದೆ ಅಡಗಿಕೊಂಡರು.

ಎಲ್ಲಿದ್ದೆ? ಹಾಂ, ಗ್ರೈಂಡರು. ಗಂಡನ ಬಾಚಣಿಗೆಯ ಮೇಲೆ ನಂಬಿಕೆ ಸಾಲದೆ ನಾಗರತ್ನ ನನಗೆ ಹೇಳದೆಯೇ ವೈರ್‌ಮನ್ ಪುಟ್ಟಮಾದಣ್ಣನಿಗೆ ಹೇಳಿಕಳಿಸಿದ್ದಳು. ನಮ್ಮ ಮನೆ ಕಟ್ಟುವಾಗ ವೈರಿಂಗು ಮಾಡಿದವನು ಅವನೇ, ನಾವು ಒಕ್ಕಲು ಬಂದ ಮೇಲೂ ಉಳಿದ ಕೆಲಸಕ್ಕೆ ಓಡಾಡಿದ್ದ. ಭಾನುವಾರ ಬೆಳಿಗ್ಗೆ ಕಿವಿಗೆ ಟೆಸ್ಟರು ಸಿಕ್ಕಿಸಿಕೊಂಡು ಬಂದ. ಗ್ರೈಂಡರಿಗೆ ಮುಟ್ಟಿಸಿದ, ಟೆಸ್ಟರು ಮಿಣುಕಿತು. ಫ್ರಿಜ್ಜಿಗೆ ಮುಟ್ಟಿಸಿದ, ಮಿಣುಕಿತು. ನಡುಮನೆಗೆ ಬಂದು ಕಂಪ್ಯೂಟರ್ ಡಬ್ಬಕ್ಕೆ ಮುಟ್ಟಿಸಿದ. ಅಲ್ಲೂ ಮಿಣುಕಿತು. ಅವನು ಕಂಪ್ಯೂಟರಿನ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಟೆಸ್ಟರನ್ನು ವಾಪಸು ಕಿವಿಗೆ ಸಿಕ್ಕಿಸಿ, ಸುತ್ತ ನೋಡಿ ಕೇಳಿದ:

"ಅವ್ವಾರು ಊರಲ್ಲಿಲ್ವಾ ಸಾ?"

ನನಗೆ ತಲೆಬುಡ ತಿಳಿಯಲಿಲ್ಲ. "ಯಳಂದೂರಿಗೆ ಹೋಗಿದ್ದಾರೆ. ಯಾಕೆ?"

"ಅದೇ ಮತ್ತೆ. ಬನ್ನಿ ಇಲ್ಲಿ," ಎಂದು ಹಿತ್ತಲಿಗೆ ನಡೆದ. ಕರಿಬೇವಿನ ಗಿಡ ಎಲೆಯುದುರಿಸಿಕೊಂಡು, ಉಳಿದವು ಹಳದಿಯಾಗಿ, ನನ್ನನ್ನು ನೋಡಲಾರದೆ ಗೋಡೆಯ ಕಡೆಗೆ ವಾಲಿಕೊಂಡಿತ್ತು. ಬುಡದ ಮಣ್ಣು ಬಿರುಕು ಬಿಟ್ಟಿತ್ತು. ಪುಟ್ಟಮಾದಣ್ಣ ಒಂದು ಕಡ್ಡಿಯಿಂದ ಮಣ್ಣು ಕೆದಕಿದ. ಬುಡದಿಂದ ಒಂದು ಗೇಣು ಈಚೆಗೆ, ಮಣ್ಣಿನೊಳಗೆ ಇಳಿದಿದ್ದ ತಂತಿ ಕಾಣಿಸಿತು.

"ನಿಮ್ಮನೆ ಅರ್ಥಿಂಗ್ ಇಲ್ಲೇ ಅದೆ ಸಾ. ದಾರಿ ತಪ್ಪಿದ ಕರೆಂಟು ಮಣ್ಣಿಗೆ ಇಳಿಯಾದು ಇಲ್ಲೇಯ. ಮಣ್ಣು ಒದ್ದೆ ಇರ್ಬೇಕು. ಬೇರೆ ಕಡೆ ಗುಂಡಿ ತೆಗುದ್ರೆ ಯಾರು ಸಾ ದಿನಾ ನೀರು ಉಯ್ತಾರೆ? ಮೊದ್ಲು ಉಯ್ತಾರೆ, ಆಮೇಲೆ ಮರೀತಾರೆ. ಅದ್ಕೇ ನಾವು ಅರ್ಥಿಂಗ್ ಮಡಗಕ್ ಮುಂಚೆ ಮನೆಯವ್ರು ಅಕ್ಕಿ ತೊಳೆದ ನೀರು ಎಲ್ಲಿ ಉಯ್ತಾರೆ ಅಂತ ಎರಡು ದಿನ ನೋಡ್ತೀವಿ. ಅವ್ವಾರು ಇಲ್ಲಿ ಉಯ್ತಿದ್ರು. ಇಲ್ಲೇ ಮಡಗ್ದೆ."

"ಹಾಗಾದ್ರೆ ಇಂಟರ್ನೆಟ್ಟಿಗೆ ಸೇರಿಸಿದಾಗ ಮಾತ್ರ ಯಾಕೆ ಹೀಗಾಗುತ್ತೆ?"

"ಡಬ್ಬದಾಗೆ ಸೇರ್ಕಂಡಿರೋ ಕರೆಂಟಿಗೆ ಓಗಕ್ಕೆ ದಾರಿ ಬೇಕಲ್ವಾ ಸಾ. ಮಣ್ಣಿನ ದಾರಿ ಮುಚ್ಚೋಗದೆ. ನೀವು ಫೋನ್ ವೈರು ಸಿಗಿಸ್ತೀರಿ, ಆ ದಾರಿ ಸಿಕ್ತದೆ, ಅತ್ಲಾಗೆ ನುಗ್ಗತದೆ. ಪೆಟ್ಟಿಗೆ ಬೆಚ್ಚಿಬಿದ್ದು ಎದ್ದು ಕೂರ್ತದೆ. ಅಷ್ಟೇಯ."

ನಾನು ಮೆಟ್ಟಿಲ ಮೇಲೆ ಕೂತೆ. ಹದಿನೈದು ವರ್ಷಗಳಿಂದ ಪ್ರತಿವರ್ಷ ಬೋರ್ಡಿನ ಮೇಲೆ ಅರ್ಥಿಂಗಿನ ಚಿತ್ರ ಬರೆದು, ಇದ್ದಿಲು, ಉಪ್ಪು, ನೀರು ಎಂದು ಬಾಣದ ಗುರುತು ಹಾಕಿ, 'ಮಣ್ಣು ಸದಾ ತೇವವಾಗಿರಬೇಕು' ಎಂದು ಅಡಿಗೆರೆ ಎಳೆದವನು ನಾನು. ಪರೀಕ್ಷೆಯಲ್ಲಿ ನೀರನ್ನು ಮರೆತವರಿಗೆ ಅರ್ಧ ಅಂಕ ಕಳೆದವನೂ ನಾನೇ. ಎಂಟು ವರ್ಷದವನಾಗಿದ್ದಾಗ ಬತ್ತಾಸಿಗಾಗಿ ಗೊತ್ತಿದ್ದ ಸಂಗತಿ ನಲವತ್ತರ ಹೊತ್ತಿಗೆ ಪೂರ್ತಿ ಮರೆತುಹೋಗಿತ್ತು. ನಾಗರತ್ನ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ಕೈಯಲ್ಲಿ ಬಾಚಣಿಗೆ ಇತ್ತು. ನನ್ನನ್ನೇ ನೋಡುತ್ತಾ ತಲೆ ಬಾಚಿಕೊಂಡಳು.

ಪುಟ್ಟಮಾದಣ್ಣ ಒಂದು ಹಿಡಿ ಕಲ್ಲುಪ್ಪು ಹಾಕಿಸಿ ನಾಲ್ಕು ಕೊಡ ನೀರು ಉಯ್ಯಿಸಿದ. ಮಣ್ಣು ಸದ್ದು ಮಾಡುತ್ತಾ ಕುಡಿಯಿತು. ಆಮೇಲೆ ಟೆಸ್ಟರು ಎಲ್ಲೂ ಮಿಣುಕಲಿಲ್ಲ. ಅವನು ಹೋದ ಮೇಲೆ ವೈರು ಸಿಕ್ಕಿಸಿದೆ. ಕೊರ್‌ರ್, ಕುಂಯ್, ಬುಸ್ಸ್. ಎರಡು ಪುಟಾಣಿ ಟಿ.ವಿ.ಗಳು ಬಂದು ನಿಂತವು. ನಿಂತೇ ಇದ್ದವು. ಮುಕ್ಕಾಲು ಗಂಟೆಯಲ್ಲಿ ಶನಿ ಪೂರ್ತಿ ಇಳಿದ. ಉಂಗುರ ಕಾಫಿಪುಡಿ, ಕೆನೆ, ಜೇನಿನ ಬಣ್ಣದಲ್ಲಿ ಹೊಳೆಯುತ್ತಿತ್ತು. ನಿಜಕ್ಕೂ ಚೆಂದ. ಆದರೆ ನನಗೆ ಸಂತೋಷವಾಗಲಿಲ್ಲ. ಹಿಂದೆ ನಿಂತು 'ಏನ್ಲಾ ಅದು' ಎಂದು ಕೇಳುವವರು ಇರಲಿಲ್ಲ.

ಅವತ್ತೇ 'ಬಾರವ್ವ' ಎಂದು ಯಳಂದೂರಿಗೆ ಹೊರಡಬಹುದಿತ್ತು. ಹೊರಟರೆ ಅವ್ವ ಏನು ತಿಳಿದುಕೊಳ್ಳುತ್ತಾಳೆ? ಪೆಟ್ಟಿಗೆಗೆ ನೀರು ಹಾಕಲು ಆಳು ಬೇಕಾಗಿ ಬಂದಿದ್ದಾನೆ ಎಂದೇ. ಬೇಡ ಅನ್ನಿಸಿತು. ಸೋಮವಾರದಿಂದ ಬೆಳಿಗ್ಗೆ ಅಕ್ಕಿ ತೊಳೆದ ನೀರು, ಸಂಜೆ ಪಾತ್ರೆ ತೊಳೆದ ನೀರು, ನಾನೇ ಉಯ್ದೆ. ಸಂಜೆ ಆರೂಮುಕ್ಕಾಲಿಗೆ ಕಂಪ್ಯೂಟರಿನ ಬೆನ್ನಿನಿಂದ ವೈರು ಕಿತ್ತು ಫೋನಿಗೆ ಸಿಕ್ಕಿಸಿ ಕಾದೆ. ಅವ್ವ "ಉಯ್ದ್ಯಾ?" ಎಂದರೆ, "ಉಯ್ದೆ ಅವ್ವ. ಮಣ್ಣು ಮೆತ್ತಗಾಗದೆ," ಎಂದೆ. ಗುರುವಾರ, "ಬುಡದಲ್ಲಿ ಮೂರು ಚಿಗುರು ಬಂದವೆ ಅವ್ವ," ಎಂದೆ. "ಊಂ," ಎಂದಳು ಅವ್ವ.

ಶನಿವಾರ ಅರ್ಧ ದಿನದ ಶಾಲೆ. ಅಂಗಡಿಯಲ್ಲಿ ಬಣ್ಣದ ಪ್ರಿಂಟು ಹಾಕಿಸಿದ್ದ ಶನಿಯ ಚಿತ್ರವನ್ನು ಮಕ್ಕಳಿಗೆ ತೋರಿಸಿ, ಹನೂರಿನಿಂದ ಕೊಳ್ಳೇಗಾಲಕ್ಕೆ, ಅಲ್ಲಿಂದ ಯಳಂದೂರಿಗೆ ಬಸ್ಸು ಬದಲಾಯಿಸಿ ಹೋದೆ. ಮಾದೇವಿ ಅಂಗನವಾಡಿಗೆ ಹೋಗಿದ್ದಳು. ಅವ್ವ ಹಿತ್ತಲಲ್ಲಿ ಚಾಪೆಯ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು. ನನ್ನನ್ನು ನೋಡಿ, "ಉಂಡ್ಯಾ?" ಎಂದಷ್ಟೇ ಕೇಳಿ ಮತ್ತೆ ಕುಟ್ಟಿದಳು. ನಾನೂ ಎದುರಿಗೆ ಕೂತು ಬೀಜ ಬಿಡಿಸತೊಡಗಿದೆ. ಬೆರಳೆಲ್ಲ ಅಂಟಾಯಿತು. ಕೈಗೆ ಕೆಲಸವಿದ್ದರೆ ನಾಲಗೆ ಸಡಿಲವಾಗುತ್ತದೆ. ಎಲ್ಲ ಹೇಳಿಬಿಟ್ಟೆ. ನೀರು ಉಯ್ಯದ್ದು, ಸುಳ್ಳು ಹೇಳಿದ್ದು, ಪೆಟ್ಟಿಗೆ ಬೆಚ್ಚಿಬಿದ್ದದ್ದು, ಪುಟ್ಟಮಾದಣ್ಣ ಮಣ್ಣು ಕೆದಕಿದ್ದು.

"ಗೊತ್ತಿತ್ತು ಕಣ್ಲಾ," ಎಂದಳು ಅವ್ವ ಕುಟ್ಟುವುದನ್ನು ನಿಲ್ಲಿಸದೆ. "ನಿಜವಾಗಿ ನೀರು ಉಯ್ದೋನು ಗಿಡ ಎಂಗದೆ ಅಂತ ಹೇಳ್ತಾನೆ. ನೀನು ಉಯ್ದೆ ಅನ್ನೋನು, ಫೋನ್ ಮಡಗೋನು. ಓದ ಭಾನುವಾರದಿಂದೀಚೆಗೆ ನಿಜ ಹೇಳ್ತಿದ್ದೀಯ."

ಆಮೇಲೆ ಕೋಲು ಕೆಳಗಿಟ್ಟು ನನ್ನ ಮುಖ ನೋಡಿದಳು. "ಈಗ ಯಾಕ್ ಬಂದೆ? ನನ್ನ ಕರ್ಕಂಡೋಗಕ್ಕೋ, ನಿನ್ ಪೆಟ್ಟಿಗೆಗೆ ನೀರು ಉಯ್ಯೋರಿಲ್ಲ ಅಂತಲೋ?"

"ಪೆಟ್ಟಿಗೆ ಸರಿಯಾಗಿ ಒಂದು ವಾರ ಆಯ್ತು ಕಣವ್ವ. ನಾನೇ ನೀರು ಉಯ್ತಾ ಇದ್ದೀನಿ."

"ಮತ್ತೆ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಎಲ್ಲೋ ಹೋದವು. "ಏನ್ ಸಾರು ಅಂತ ಕೇಳೋರೇ ಇಲ್ಲ ಕಣವ್ವ ಮನೇಲಿ," ಎಂದೆ. ಹುಣಸೆಯ ಕೈಯಾದ್ದರಿಂದ ಕಣ್ಣು ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

ಅವ್ವ ತನ್ನ ಸೆರಗಿನಿಂದಲೇ ನನ್ನ ಮುಖ ಒರೆಸಿದಳು. ಜೋರಾಗಿಯೇ ಒರೆಸಿದಳು, ಹಳೆಯ ಪೊರಕೆಯ ಸಿಟ್ಟು ಸ್ವಲ್ಪ ಉಳಿದಿತ್ತೇನೋ. "ಮಾದೇವಿ ಬರ್ಲಿ, ಅವಳ್ಗೆ ಒಂದ್ ಮಾತು ಏಳಿ ಓಗವ," ಎಂದಳು.

ನಾಲ್ಕು ಗಂಟೆಗೆ ಮಾದೇವಿ ಬಂದಳು. ನನ್ನನ್ನು ಕಂಡವಳೇ, "ಏನಣ್ಣ, ಗಿಡ ಒಣಗೋಯ್ತು ಅಂತ ಬಂದ್ಯಾ?" ಎಂದು ಕೆಣಕಿದಳು. ಅವ್ವ ಆಗಲೇ ಚೀಲ ಹಿಡಿದಿದ್ದಳು. "ಬಸ್ಸಿಗೆ ಒತ್ತಾಯ್ತು ಕಣ್ ಮಗ, ಫೋನಲ್ಲಿ ಮಾತಾಡುವ," ಎಂದು ಹೊರಟೇಬಿಟ್ಟಳು.

ಮನೆಗೆ ಬಂದದ್ದೇ ಅವ್ವ ಚಪ್ಪಲಿ ಬಿಡುವ ಮೊದಲು ಹಿತ್ತಲಿಗೆ ಹೋದಳು. ಬೋಳು ಕೊಂಬೆಗಳನ್ನು ನೋಡಿದಳು. ಬುಡದ ಮೂರು ಚಿಗುರುಗಳನ್ನು ಬಗ್ಗಿ ನೋಡಿದಳು. ಮಣ್ಣಿಗೆ ಬೆರಳು ಚುಚ್ಚಿ ಎತ್ತಿ ನೋಡಿದಳು. ಒಳಗೆ ಬಂದು ಗೋಡೆಗೆ ಒರಗಿಸಿದ್ದ ಮಣೆ ಹಾಕಿಕೊಂಡು ಫೋನಿನ ಪಕ್ಕ ಕೂತಳು. ನಾನು ವೈರು ಸರಿಯಾಗಿದೆಯಾ ಎಂದು ಎರಡು ಸಲ ನೋಡಿದೆ. ಏಳಕ್ಕೆ ಗಂಟೆ ಹೊಡೆಯಿತು.

"ಊಂ ಕಣ್ ಮಗ, ಸೇರ್ಕಂಡೋ. ಸಾರಾ? ಇವತ್ತು ಉಳ್ಳಿಕಾಳು ಸಾರು ಮಾಡವಳೆ. ನಿಂದು? ಮಳೆ ಎಲ್ ಬತ್ತದೆ ಈಗ." ಆಮೇಲೆ ಮಾದೇವಿ ಏನೋ ಕೇಳಿದಳು. ಅವ್ವ ನನ್ನ ಕಡೆ ತಿರುಗಿದಳು. ನಾನು ನೆಲ ನೋಡಿದೆ.

"ಗಿಡವಾ? ಎಂಗ್ ಬುಟ್ಟೋಗಿದ್ನೋ ಅಂಗೇ ಅದೆ. ನಿಮ್ಮಣ್ಣ ಒಂದು ದಿನಾನೂ ತಪ್ಸಿಲ್ಲ ಕಣ್ ಮಗ. ನೀನೇ ಸುಮ್ಕೆ ಆಡ್ಕತಿದ್ದೆ."

ಮಾರನೆಯ ಬೆಳಿಗ್ಗೆ ಅಕ್ಕಿ ತೊಳೆದ ನೀರಿನ ಪಾತ್ರೆಯನ್ನು ಅವ್ವ ತಾನು ಹಿತ್ತಲಿಗೆ ಒಯ್ಯಲಿಲ್ಲ. ತಂದು ನನ್ನ ಕೈಗೆ ಕೊಟ್ಟಳು.

ಇದೆಲ್ಲ ಆಗಿ ಇಪ್ಪತ್ತು ವರ್ಷದ ಹತ್ತಿರವಾಯಿತು. ಆ ಕಂಪ್ಯೂಟರು ಗುಜರಿಗೆ ಹೋಯಿತು, ಮನೆಯ ಫೋನೂ ಹೋಯಿತು. ಮಾದೇವಿ ಏಳು ಗಂಟೆಗೆ ಮೊಬೈಲಿನಲ್ಲಿ ಮುಖ ತೋರಿಸಿಕೊಂಡೇ ಏನು ಸಾರು ಎಂದು ಕೇಳುತ್ತಾಳೆ. ಅವ್ವ ಈಗಲೂ ತಲೆಗೂದಲು ಸರಿಮಾಡಿಕೊಂಡು ಕೂರುತ್ತಾಳೆ, ಈಗ ಅದಕ್ಕೆ ಅರ್ಥವೂ ಇದೆ. ಮನೆಗೆ ಬೇರೆ ಅರ್ಥಿಂಗ್ ಹಾಕಿಸಿದ್ದೇವೆ, ಅದಕ್ಕೆ ದಿನಾ ನೀರು ಬೇಕಿಲ್ಲವಂತೆ. ಕರಿಬೇವು ಗಿಡ ಹೋಗಿ ಮರವಾಗಿದೆ, ಅದಕ್ಕೂ ನನ್ನ ಚೊಂಬಿನ ನೀರಿನ ಹಂಗಿಲ್ಲ. ಆದರೂ ದಿನಾ ಬೆಳಿಗ್ಗೆ ಉಯ್ಯುತ್ತೇನೆ. ಅವ್ವ ನನಗಾಗಿ ಹೇಳಿದ ಆ ಮಾತು ಅವತ್ತಿಗೆ ಸುಳ್ಳಾಗಿತ್ತು, ಅದನ್ನು ಹಾಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಮಾದೇವಿ ಇದನ್ನು ಓದಿದರೆ ಈಗ ನಿಜ ಗೊತ್ತಾಗುತ್ತದೆ, ಗೊತ್ತಾಗಲಿ.

ನೀರು ಉಯ್ದೆಯಾ ಎಂದು ಅವ್ವ ಅವತ್ತಿನಿಂದ ಒಂದು ಸಲವೂ ಕೇಳಿಲ್ಲ. ನಾನೂ ಒಂದು ದಿನವೂ ತಪ್ಪಿಸಿಲ್ಲ.